ನಲವತ್ತೊಂದನೇ ಹೋರಿಯ ಮೇಲಿನ ದೂರು

“ಹೋರಿ ಹತ್ತಲ್ಲ ಅಂದ್ರೆ ನಿನ್ನ ಹತ್ತಿಸ್ಲೇನೋ, ಬೋಳಿಮಗನೇ?”

ದನದ ಡಾಕ್ಟರು ಕೂಗಿದ್ದು ವೀರ್ಯ ಸಂಗ್ರಹ ಕೇಂದ್ರದ ಅಂಗಳದ ಆ ತುದಿಯಲ್ಲಿ ಸಗಣಿ ಬಾಚುತ್ತಿದ್ದವರಿಗೂ ಕೇಳಿಸಿತು. ಯಾರೋ ಕಿಸಕ್ಕೆಂದರು. ನಾನು ಮೂಗುಬಳೆಗೆ ಸಿಕ್ಕಿಸುವ ಕಬ್ಬಿಣದ ಕೋಲು ಹಿಡಿದು ನಿಂತಿದ್ದೆ. ಕೋಲಿನ ಇನ್ನೊಂದು ತುದಿಯಲ್ಲಿ ನಲವತ್ತೊಂದನೇ ನಂಬರಿನ ಹೋರಿ. ಎಂಟುನೂರು ಕೆಜಿ. ಎದುರಿಗೆ ಹಸುವಿನ ಬದಲಿಗೆ ಕಟ್ಟಿದ್ದ ಮುದಿ ಎತ್ತಿನ ಬೆನ್ನಿಂದ ಎರಡನೇ ಸಲ ಇಳಿದು ಮುಖ ತಿರುಗಿಸಿಕೊಂಡಿತ್ತು.

ಅದು ಇಳಿದದ್ದರ ಕಾರಣ ಡಾಕ್ಟರ ಕಂಕುಳಲ್ಲೇ ಇತ್ತು. ವೀರ್ಯ ಹಿಡಿಯುವ ರಬ್ಬರ್ ಕೊಳವೆಗೆ ಬಿಸಿನೀರು ತುಂಬಿರುತ್ತೇವೆ. ಬೆಚ್ಚಗಿದ್ದರೆ ಮಾತ್ರ ಹೋರಿ ಅದನ್ನು ಹಸು ಎಂದು ನಂಬುತ್ತದೆ. ನಾನು ತುಂಬಿಕೊಟ್ಟು ಕಾಲು ಗಂಟೆಯಾಗಿತ್ತು. ಡಾಕ್ಟರು ಅದನ್ನು ಇರುಕಿಕೊಂಡು ಫೋನಿನಲ್ಲಿ ನಗುತ್ತಲೇ ಇದ್ದರು.

“ನೀರು ಆರ್ಹೋಗಿದೆ ಸಾರ್. ಬೇರೆ ಹಾಕ್ಕೊಡ್ತೀನಿ,” ಅಂದೆ.

ಕೆನ್ನೆಗೆ ಬಿತ್ತು. ಕೈಗವಸಿನ ಕೈ. ಏಟಿಗಿಂತ ಅದರ ಅಂಟು ಹೆಚ್ಚು ಹೊತ್ತು ಉಳಿಯಿತು.

“ಏಳನೇ ಕ್ಲಾಸು ಫೇಲಾದವ್ನು ನನಗೆ ಪಾಠ ಹೇಳ್ತಾನೆ. ಬೆರಕೆ ಹೋರಿಗೆ ಬೆರಕೆ ಆಳು, ಒಳ್ಳೇ ಜೋಡಿ! ನಿಮ್ಮಪ್ಪ ನಿಮ್ಮವ್ವನ್ನ ಯಾರ ಮನೆಯಿಂದ ಹಾರಿಸ್ಕೊಂಡು ಬಂದ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?”

ನಾನು ಫೇಲಾಗಿರಲಿಲ್ಲ, ಬಿಟ್ಟಿದ್ದೆ. ಕೋಲು ಹಿಡಿದ ಕೈ ನಡುಗಿದರೆ ಹೋರಿಗೆ ತಿಳಿಯುತ್ತದೆ, ಆಮೇಲೆ ಯಾರ ಅಪ್ಪ ಬಂದರೂ ತಡೆಯಲಾಗದು. ಹಲ್ಲು ಕಚ್ಚಿಕೊಂಡು ನಿಂತೆ. ಡಾಕ್ಟರು ಪುಸ್ತಕದಲ್ಲಿ ‘ಆಸಕ್ತಿ ಇಲ್ಲ’ ಎಂದು ಬರೆದರು. ಹಾಗೆ ಬರೆದದ್ದು ಅದು ಮೂರನೇ ಸಲ.

ನಮ್ಮ ಆಳುಗಳು ಹೋರಿಗಳನ್ನು ಅಳಿಯಂದಿರು ಅನ್ನುತ್ತಾರೆ. ಹೊತ್ತು ಹೊತ್ತಿಗೆ ತಿನ್ನಿಸಬೇಕು, ಮೈ ತಿಕ್ಕಬೇಕು, ವಾರಕ್ಕೆರಡು ದಿನ ಒಂದು ಗಳಿಗೆ ಕೆಲಸ. ಆದರೆ ಈ ಅಳಿಯಂದಿರನ್ನು ಮನೆಯಿಂದ ಹೊರಹಾಕುವುದಕ್ಕೆ ಅಚ್ಚುಹಾಕಿದ ಕಾಗದವೇ ಇದೆ. ಗೊರಸು ಕೆಟ್ಟು ಕುಂಟಿದರೆ ಹೊರಗೆ. ರಕ್ತದಲ್ಲಿ ರೋಗ ಸಿಕ್ಕರೆ ಹೊರಗೆ. ಹತ್ತದಿದ್ದರೆ, ಹಾಯಲು ಬಂದರೆ, ವೀರ್ಯ ನೀರಾದರೆ, ಮಂಜಿನಲ್ಲಿಟ್ಟು ತೆಗೆದ ಮೇಲೆ ಅದರಲ್ಲಿ ಜೀವ ಉಳಿಯದಿದ್ದರೆ ಹೊರಗೆ. ಹೊರಗೆ ಅಂದರೆ ಲಾರಿ. ಲಾರಿ ಅಂದರೆ ಕಸಾಯಿಖಾನೆ. ಮಿಶ್ರತಳಿಯವೇ ಹೆಚ್ಚು ಹೋಗುವುದು, ಅದೂ ವೀರ್ಯದ ಕಾರಣಕ್ಕೇ. ಅವುಗಳ ಅಪ್ಪನ ಕಡೆಯವರು ತಂಪು ಸೀಮೆಯವರು. ನಮ್ಮ ಬಿಸಿಲು ಅವಕ್ಕೆ ಆಗಿಬರುವುದಿಲ್ಲ.

ನಮ್ಮಪ್ಪನಿಗೆ ಓದು ಬರದು. ಇದೇ ಕೊಟ್ಟಿಗೆಯಲ್ಲಿ ಇಪ್ಪತ್ತಾರು ವರ್ಷ ಹೋರಿಗಳ ಜೊತೆ ಇದ್ದವನು. “ಇವತ್ತು ಒಳಗೆ ಬೆಂದಿದ್ದು ಎರಡು ತಿಂಗಳು ಬಿಟ್ಟು ಹೊರಗೆ ಬರತ್ತೆ ಕಣೋ,” ಎನ್ನುತ್ತಿದ್ದ. ಬೀಜ ತಯಾರಾಗಲು ಅಷ್ಟು ದಿನ ಬೇಕು. ಹೋದ ಬೇಸಿಗೆಯಲ್ಲಿ ಕೊಟ್ಟಿಗೆಯ ಸೂರಿನಿಂದ ನೀರು ಚಿಮುಕಿಸುವ ಮೋಟರನ್ನು ಡಾಕ್ಟರು ಬಿಚ್ಚಿಸಿ ತಮ್ಮ ಬಂಗಲೆಯ ಹುಲ್ಲಿಗೆ ಹಾಕಿಸಿಕೊಂಡರು. ಐದು ವಾರ. ಹೋರಿಗಳು ನಾಲಿಗೆ ಹೊರಹಾಕಿ ನಿಂತವು. ಅಪ್ಪ ತೊಟ್ಟಿಯಿಂದ ಹೊತ್ತು ತಂದು ತನ್ನ ಪಾಲಿನ ಆರು ಹೋರಿಗಳ ಬೆನ್ನಿಗೂ ಸುರಿದ. ನಲವತ್ತನೆಯದೋ ಐವತ್ತನೆಯದೋ ಕೊಡಕ್ಕೆ ಪಾಚಿಯ ಮೇಲೆ ಜಾರಿ ಸೊಂಟ ಮುರಿದುಕೊಂಡ. ಈಗ ಒಂದೇ ಕೀಲಿನ ಬಾಗಿಲಿನ ಹಾಗೆ ನಡೆಯುತ್ತಾನೆ.

ಮಳೆ ಬಂದು ನೆಲ ತಂಪಾದ ಮೇಲೆ ನಮ್ಮ ಕೊಟ್ಟಿಗೆಯ ವೀರ್ಯವೆಲ್ಲ ಕೆಟ್ಟಿತು. ಎಲ್ಲಕ್ಕಿಂತ ಕೆಟ್ಟದ್ದು ನಲವತ್ತೊಂದರದು. ಸೂಕ್ಷ್ಮದರ್ಶಕದಲ್ಲಿ ನನಗೂ ಒಮ್ಮೆ ತೋರಿಸಿದರು. ಒಳ್ಳೆಯದಾಗಿದ್ದರೆ ಸಂತೆ ಬಿಟ್ಟ ಹಾಗೆ ನುಗ್ಗಾಡುತ್ತದೆ. ಇದು ಮುರಿದ ಸೂಜಿ ಚೆಲ್ಲಿದ ಹಾಗೆ ಸುಮ್ಮನೆ ಬಿದ್ದಿತ್ತು. ಎರಡು ತಿಂಗಳು ನೆರಳಲ್ಲಿ ಕಟ್ಟಿ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಯಾರು ಕೇಳುತ್ತಾರೆ? ಆರು ಹೋರಿಗೆ ಒಬ್ಬ ಆಳು ಎಂಬುದು ಲೆಕ್ಕ. ಒಂದು ಹೋದರೆ ಉಳಿದ ಐದನ್ನು ಪಕ್ಕದ ಸಾಲಿಗೆ ಸೇರಿಸುತ್ತಾರೆ. ಅಪ್ಪನೂ ಹೋಗುತ್ತಾನೆ. ನನ್ನದು ದಿನಗೂಲಿ. ನಾವಿದ್ದ ಕೋಣೆ ಅಪ್ಪನ ಕೆಲಸದ ಜೊತೆ ಬಂದದ್ದು.

ಏಟು ಬಿದ್ದ ಸಂಜೆ ಡಾಕ್ಟರು ನಮ್ಮ ಕೋಣೆಗೇ ಬಂದರು. ಅವ್ವ ಸೆರಗಿನಿಂದ ಸ್ಟೂಲು ಒರೆಸಿದಳು. ಅವರು ಕೂರಲಿಲ್ಲ.

“ಏನಪ್ಪಾ ಹಿರಿಯ, ನೋವು ಹೇಗಿದೆ? ಆಸ್ಪತ್ರೆ ಕಾಗದ ಇದು. ಒಂದು ಹೆಬ್ಬೆಟ್ಟು ಒತ್ತು. ಗೇಟಿನ ಹತ್ರ ಕೂತ್ಕೊಂಡು ಮಾಡೋ ಕೆಲಸ ಕೊಡಿಸ್ತೀನಿ.”

“ಮಗ ಓದ್ಲಿ ಸಾಮಿ.”

“ಅವ್ನಿಗೆ ಓದಕ್ಕೆ ಬರತ್ತಾ?”

ಓದಿದೆ. ಗಟ್ಟಿಯಾಗಿಯೇ ಓದಿದೆ. ‘ನಲವತ್ತೊಂದನೇ ಹೋರಿಯು ಕೆಟ್ಟ ಸ್ವಭಾವದ್ದಾಗಿದ್ದು, ನನ್ನನ್ನು ಗೋಡೆಗೆ ಒತ್ತಿ ಸೊಂಟ ಮುರಿದಿರುತ್ತದೆ. ಅದನ್ನು ನಿರ್ವಹಿಸುವುದು ಅಸಾಧ್ಯವೆಂದು ನನ್ನ ಸ್ವಇಚ್ಛೆಯಿಂದ ತಿಳಿಸುತ್ತೇನೆ.’

ಡಾಕ್ಟರ ಮುಖ ಬದಲಾಯಿತು. “ನಾಡಿದ್ದು ಸಮಿತಿ ಬರತ್ತೆ. ಒತ್ತಿದ್ರೆ ಗೇಟು. ಇಲ್ದಿದ್ರೆ ತಟ್ಟೆ ಲೋಟ ಕಟ್ಕೊಳ್ಳಿ.” ಕಾಗದವನ್ನೂ ಶಾಯಿಯ ಡಬ್ಬಿಯನ್ನೂ ಸ್ಟೂಲಿನ ಮೇಲಿಟ್ಟು ಹೋದರು.

ಅವರ ಹೆಜ್ಜೆ ಸದ್ದು ಅಡಗಿತೋ ಇಲ್ಲವೋ, ಅವ್ವ ಶುರುಮಾಡಿದಳು. “ಒತ್ತಿ ಬಿಸಾಕ್ರಿ ಅತ್ಲಾಗೆ! ಹೋರಿ ಏನು ನಿಮಗೆ ಹುಟ್ಟಿದ್ದಾ? ನೀವು ಒತ್ತಿದ್ರೂ ಅದು ಲಾರಿ ಹತ್ತತ್ತೆ, ಒತ್ತದಿದ್ರೂ ಹತ್ತತ್ತೆ.”

“ಅದು ಮುಟ್ಲಿಲ್ಲ ಕಣೇ ನನ್ನ.”

“ಮುಟ್ಟಿದ್ದು ಯಾರು ಅಂತ ನನಗೂ ಗೊತ್ತು. ಅವ್ರ ಮೇಲೆ ಹೆಬ್ಬೆಟ್ಟು ಒತ್ತಕ್ಕಾಗತ್ತಾ?”

ಎರಡು ದಿನ ಕಾಗದ ಸ್ಟೂಲಿನ ಮೇಲೇ ಇತ್ತು. ಅವ್ವ ಅದರ ಸುತ್ತ ಗುಡಿಸಿದಳು.

ಹೇಳಿದ ದಿನ ಸಮಿತಿ ಬಂತು. ದಪ್ಪ ಕನ್ನಡಕದ ಅಧ್ಯಕ್ಷರು, ಇನ್ನಿಬ್ಬರು, ಒಬ್ಬ ಗುಮಾಸ್ತ. ಲಾರಿ ಅವರಿಗಿಂತ ಮೊದಲೇ ಬಂದು ಹಿಂಬಾಗಿಲು ಇಳಿಸಿಕೊಂಡು ನಿಂತಿತ್ತು. ಹೋರಿಯನ್ನು ಕೂಡಿದ್ದ ಕಬ್ಬಿಣದ ಕಂಬಿಗಳ ಗೂಡಿನ ಮುಂದೆ ಡಾಕ್ಟರು ವರದಿ ಓದಿದರು.

“ಆಸಕ್ತಿ ಇಲ್ಲ, ವೀರ್ಯ ಕಳಪೆ, ಸ್ವಭಾವ ಅಪಾಯಕಾರಿ. ಆಳಿನ ಸೊಂಟ ಮುರಿದಿದೆ. ಇವನೇ ಸಾರ್.” ಅಪ್ಪನ ಕಡೆ ತಿರುಗಿ, “ಎಲ್ಲೋ ಕಾಗದ?”

ಅಪ್ಪ ಮಡಿಸಿದ ಕಾಗದ ಕೊಟ್ಟ. ಡಾಕ್ಟರು ಬಿಚ್ಚಿದರು. ಹೆಬ್ಬೆಟ್ಟಿರಬೇಕಾದ ಜಾಗ ಖಾಲಿ.

“ಏನೋ ಇದು?”

ಕಂಬಿಗಳ ನಡುವೆ ಆಳು ನುಸುಳುವಷ್ಟು ಸಂದಿ ಇರುತ್ತದೆ. ಅಪ್ಪ ಮುರಿದ ಸೊಂಟವನ್ನು ಕೈಯಲ್ಲಿ ಒತ್ತಿಕೊಂಡು ಅದರೊಳಗೆ ತೂರಿ, ಗೂಡಿನ ನಟ್ಟನಡುವೆ, ಹೋರಿಯ ಮುಂಗಾಲ ಬುಡದಲ್ಲಿ ಕೂತುಬಿಟ್ಟ. ಕಂಬಿಯಾಚೆಯಿಂದ ಕೋಲು ಹಿಡಿದಿದ್ದವನು ನಾನು.

“ಕೋಲು ಕಳಚೋ.”

“ಬೇಡಪ್ಪಾ.”

“ಕಳಚು ಅಂದೆ.”

ಹೋರಿಯನ್ನು ನಂಬಿ ಬೆನ್ನು ಕೊಟ್ಟವನು ಮನೆಗೆ ಬರುವುದಿಲ್ಲ ಎಂದು ನನಗೆ ಕಲಿಸಿದವನೇ ಅಪ್ಪ. ಕಳಚಿದೆ. ಅಧ್ಯಕ್ಷರು ಎರಡು ಹೆಜ್ಜೆ ಹಿಂದೆ ಹೋದರು. ಹೋರಿ ಬುಸ್ಸೆಂದಿತು. ತಲೆ ತಗ್ಗಿಸಿ ಅಪ್ಪನ ತಲೆಯನ್ನು ಮೂಸಿತು, ಹಣೆಯಿಂದ ಒಮ್ಮೆ ನೂಕಿತು. ಅಪ್ಪ ಪಕ್ಕಕ್ಕೆ ವಾಲಿ ಮತ್ತೆ ನೆಟ್ಟಗೆ ಕೂತ. ಮುಖ ಸುಣ್ಣದ ಹಾಗಾಗಿತ್ತು. ಹೋರಿ ಅವನ ಮೇಲೆ ಸೂರಿನ ಹಾಗೆ ನಿಂತುಕೊಂಡಿತು.

“ಈಗ ಬರ್ಕೊಳ್ಳಿ, ಸ್ವಭಾವ ಎಂಥದ್ದು ಅಂತ,” ಅಂದ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. “ಸರಿ, ಸ್ವಭಾವದ್ದು ಹೊಡೆದು ಹಾಕ್ರೀ. ವೀರ್ಯ ಕಳಪೆ ಅಂತ ಬರ್ದು ಮುಗ್ಸಿ.”

“ಯಾಕೆ ಕಳಪೆ ಆಯ್ತು ಅಂತಾನೂ ಬರೀರಿ.”

“ಮಿಶ್ರತಳಿ ಕಣಯ್ಯಾ. ಅವು ಇರೋದೇ ಹಾಗೆ.”

“ಹೋದ ವರ್ಷ ಇದರ ಬೀಜಕ್ಕೆ ಸಾಲು ನಿಂತಿದ್ರಿ. ಆಗೇನು ಶುದ್ಧ ಇತ್ತಾ? ಮೋಟರು ಬರೀರಿ. ಐದು ವಾರ ಅಂತ ಬರೀರಿ. ಬರೆಯೋಗಂಟ ನಾನು ಏಳಲ್ಲ.”

“ಯಾವ ಮೋಟರು?” ಅಧ್ಯಕ್ಷರು ಡಾಕ್ಟರ ಕಡೆ ನೋಡಿದರು.

“ತಲೆ ಕೆಟ್ಟಿದೆ ಸಾರ್ ಈ ಮುದುಕನಿಗೆ. ಏಯ್, ನೋಡ್ತಾ ನಿಂತಿದ್ದೀರೇನ್ರೋ? ಎಳ್ಕೊಂಡ್ ಬನ್ರೋ ಅವನ್ನ!”

ಹನ್ನೊಂದು ಜನ ಆಳುಗಳಿದ್ದೆವು. ಯಾರೂ ಕದಲಲಿಲ್ಲ. ಗೊರಸು ಕತ್ತರಿಸುವ ಆಳು ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ. “ಅಪಾಯದ ಹೋರಿ ಅಂತ ನೀವೇ ಈಗ ಓದಿದ್ರಲ್ಲ ಸಾರ್. ನಾವ್ಯಾಕೆ ಸಾಯೋಣ? ನೀವೇ ಹೋಗಿ ಒಂದು ಮಾತು ಹೇಳಿ.”

ಡಾಕ್ಟರು ಸಂದಿಯ ಹತ್ತಿರ ಹೋಗಿ ಕಂಬಿಯ ಮೇಲೆ ಕೈಯಿಟ್ಟರು. ಹೋರಿ ಅವರ ಕಡೆ ಕತ್ತು ಹೊರಳಿಸಿತು. ಅವರು ಕೈ ತೆಗೆದರು.

ಅಷ್ಟರಲ್ಲಿ ಲಾರಿಯವನು ಬೇಸತ್ತು ಹಾರ್ನ್ ಒತ್ತಿದ. ಹೋರಿ ಬೆಚ್ಚಿ ಮುಂಗಾಲು ಎತ್ತಿ ಅಪ್ಪಳಿಸಿತು. ಗೊರಸು ಬಿದ್ದದ್ದು ಅಪ್ಪನ ಕುಂಟು ಕಾಲಿನಿಂದ ಎರಡು ಬೆರಳು ಆಚೆ. ಅಪ್ಪ ಕಣ್ಣು ಮುಚ್ಚಿದ್ದ. ಅವನ ತುಟಿ ಅಲ್ಲಾಡುತ್ತಿತ್ತು, ಹೋರಿಗೆ ಏನೋ ಹೇಳುತ್ತಿದ್ದ.

“ಹಾರ್ನ್ ನಿಲ್ಸೋ, ಸೂಳೆಮಗನೇ!” ಎಂದು ನಾನು ಕಿರುಚಿದೆ. ಕಿರುಚಬಾರದಿತ್ತು. ಹೋರಿಯ ಕತ್ತು ನನ್ನ ಕಡೆ ತಿರುಗಿತು.

ಯೋಚನೆ ಮಾಡಲಿಲ್ಲ. ಕೋಲನ್ನು ಡಾಕ್ಟರ ಕಾಲ ಬುಡಕ್ಕೆ ಎಸೆದು ನಾನೂ ಸಂದಿಯಲ್ಲಿ ತೂರಿದೆ. ಅಪ್ಪನ ಪಕ್ಕ, ಒದ್ದೆ ಸಿಮೆಂಟು ನೆಲದ ಮೇಲೆ ಕೂತೆ. ಹೋರಿಯ ಎದೆಯ ತೊಗಲು ನನ್ನ ತಲೆಗೆ ತಗುಲಿತು. ಅದರ ಗುಂಡಿಗೆಯ ಬಡಿತ ನನ್ನ ನೆತ್ತಿಗೆ ಇಳಿಯುತ್ತಿತ್ತು. ಕಂಬಿಗಳ ಆಚೆ ಗುಮಾಸ್ತ ಪೆನ್ನು ತೆರೆದುಕೊಂಡು ಒಮ್ಮೆ ಅಧ್ಯಕ್ಷರನ್ನು, ಒಮ್ಮೆ ಡಾಕ್ಟರನ್ನು ನೋಡುತ್ತಿದ್ದ. ಲಾರಿಯ ಎಂಜಿನ್ನು ನಡೆಯುತ್ತಲೇ ಇತ್ತು.

ಅಪ್ಪ ಕಣ್ಣು ತೆರೆಯದೆ ನನ್ನ ಮಣಿಕಟ್ಟು ಹಿಡಿದ.

“ಅಲ್ಲಾಡಬೇಡ,” ಅಂದ.