ಯೋಬನ ಹೆಂಡತಿಯ ಒಂದೇ ಮಾತು

ಓಣಿಯವರೆಲ್ಲ ಪಂಡಿತಮ್ಮ ಎಂದು ಕರೆಯುತ್ತಿದ್ದ ಆಕೆಗೆ ಎರಡು ಕಸುಬು. ಬೆಳಿಗ್ಗೆ ಕಾಲೇಜಿನಲ್ಲಿ ಹಳೆಯ ಹೀಬ್ರೂ ಕಲಿಸುವುದು, ಮಧ್ಯಾಹ್ನ ಮನೆಯಲ್ಲಿ ಕೂತು ಬೈಬಲ್ಲಿನ ಹೆಂಗಸರ ಮೇಲೆ ಕಾದಂಬರಿ ಬರೆಯುವುದು. ಮೊದಲನೆಯದಕ್ಕೆ ವಿದ್ಯಾರ್ಥಿಗಳು ಕಡಿಮೆ, ಎರಡನೆಯದಕ್ಕೆ ಓದುಗರು ಜಾಸ್ತಿ. ಸಹೋದ್ಯೋಗಿಗಳಿಗೆ ಹೊಟ್ಟೆಯುರಿ. ಉರಿಯಲಿ ಬಿಡಿ.

ಯಾವ ಹೆಂಗಸಿನ ಕತೆ ಹಿಡಿದರೆ ಆ ಹೆಂಗಸು ಅವಳ ಮನೆಗೇ ಬಂದುಬಿಡುತ್ತಿದ್ದಳು. ಕನಸೋ ಎಚ್ಚರವೋ ಎಂದು ಕೇಳಬೇಡಿ, ಪಂಡಿತಮ್ಮನಿಗೂ ಗೊತ್ತಿಲ್ಲ. ಊಟ ಮುಗಿಸಿ, ಪರದೆ ಎಳೆದು ಮೇಜಿಗೆ ಕೂತರೆ ಕೋಣೆಯ ಬೆಳಕು ತಿಳಿಹಳದಿಗೆ ತಿರುಗಿ, ಬೀದಿಯ ಸದ್ದು ನೀರಿನಡಿಯಿಂದ ಬಂದಂತೆ ಕೇಳಿ, ಕಿಟಕಿಯ ಬಳಿ ಯಾರೋ ಒಬ್ಬಳು ನಿಂತಿರುತ್ತಿದ್ದಳು. ತಿರುಗಿ ನೋಡಿ ಉಪ್ಪಿನ ಕಂಬವಾದಳಲ್ಲ, ಆ ಲೋಟನ ಹೆಂಡತಿ ಬಂದಿದ್ದಾಗ ತಿಂಗಳುಗಟ್ಟಲೆ ಮನೆಯ ಅಡುಗೆಗೆ ಉಪ್ಪು ಜಾಸ್ತಿಯಾಗುತ್ತಿತ್ತು. "ಲೋಟನ ಹೆಂಡ್ತಿ ಹೆಸರು ಚೊಂಬಾ ಅಕ್ಕಾ?" ಎಂದು ತಂಗಿ ನಕ್ಕೂ ನಕ್ಕೂ ಸುಸ್ತಾಗಿದ್ದಳು.

ಆ ತಂಗಿಯದು ಎರಡು ಬೀದಿ ಆಚೆ ಹೊಲಿಗೆ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಅಕ್ಕ ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಕೇಳಿಸುವುದು ಅವಳ ಕೆಲಸ. ಕಾಗದದ ಮೇಲೆ ಮಿಂಚುವ ಮಾತು ಅವಳ ಬಾಯಿಗೆ ಬಂದೊಡನೆ ಬರೀ ನಾಟಕ ಎಂದು ಗೊತ್ತಾಗಿಬಿಡುತ್ತಿತ್ತು. ಅದನ್ನು ಕೇಳದೆ ಪಂಡಿತಮ್ಮ ಒಂದು ಪುಟವನ್ನೂ ಅಚ್ಚಿಗೆ ಕೊಟ್ಟವಳಲ್ಲ.

ಈಗ ಇಬ್ಬರಿಗೂ ಮಾತಿಲ್ಲ. ಹೋದ ವರ್ಷ ಅಮ್ಮ ತೀರಿಕೊಂಡಾಗಿನಿಂದ. ಹಾಸಿಗೆ ಹಿಡಿದ ಅಮ್ಮ ಇದ್ದದ್ದು ತಂಗಿಯ ಮನೆಯಲ್ಲಿ. ಪಂಡಿತಮ್ಮ ಸಂಜೆ ಹೊತ್ತು ಹಣ್ಣು ಹಿಡಿದುಕೊಂಡು ಹೋಗಿ ನೋಡಿ ಬರುತ್ತಿದ್ದಳು. ಒಂದು ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಒಳಗಿನಿಂದ ತಂಗಿಯ ದನಿ ಕೇಳಿಸಿತು: "ಸಾಕಮ್ಮ, ಇನ್ನು ಹೊರಡು ನೀನು." ಪಂಡಿತಮ್ಮ ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿದಳು. ಒಳಗೂ ಹೋಗದೆ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂದಿರುಗಿದಳು. ಮನೆ ಮುಟ್ಟಿ ಸ್ವಲ್ಪ ಹೊತ್ತಿಗೆ ಫೋನು ಬಂತು, ಅಮ್ಮ ಹೋಗಿಬಿಟ್ಟಳೆಂದು. ಪಂಡಿತಮ್ಮ ಓಡಿಹೋಗಿ, ಅಮ್ಮನನ್ನು ಮಲಗಿಸಿದ್ದ ಕಡೆಯೇ ನಿಂತು ತಂಗಿಗೆ, "ಹೆತ್ತವಳಿಗೆ ಸಾಯಿ ಅಂದ್ಯಲ್ಲೇ" ಎಂದುಬಿಟ್ಟಳು. ತಂಗಿ ಬಾಯಿ ಬಿಡಲಿಲ್ಲ. ಆಮೇಲೆ ಬೀದಿಯಲ್ಲಿ ಎದುರಾದರೂ ಇಬ್ಬರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಹೀಗಿರುವಾಗ ಪಂಡಿತಮ್ಮ ಯೋಬನ ಹೆಂಡತಿಯನ್ನು ಹಿಡಿದಳು. ಮಕ್ಕಳು, ದನಕರು, ಆಸ್ತಿ ಎಲ್ಲ ಕಳೆದುಕೊಂಡು, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತವನು ಯೋಬ. ಅವನಿಗೆ ಪುಟಗಟ್ಟಲೆ ಮಾತು, ಹೆಂಡತಿಗೆ ಒಂದೇ ಒಂದು: ದೇವರನ್ನು ಶಪಿಸಿ ಸತ್ತುಹೋಗು. ಅಷ್ಟಕ್ಕೇ ಲೋಕ ಅವಳನ್ನು ಗಯ್ಯಾಳಿ ಮಾಡಿ ಕೂರಿಸಿದೆ. ಆದರೆ ಮೂಲದಲ್ಲಿ ಅಲ್ಲಿರುವ ಪದ 'ಬಾರೆಖ್'. ಅಂದರೆ ಹರಸು. ದೇವರ ಹೆಸರಿನ ಪಕ್ಕದಲ್ಲಿ ಶಪಿಸು ಎಂದು ಬರೆಯಲು ಕೈ ಬಾರದೆ ಹಳಬರು ಹಾಗೆ ಬರೆದರು, ನಾವು ತಿರುಗಿಸಿ ಓದಿಕೊಳ್ಳಬೇಕು ಎನ್ನುತ್ತಾರೆ ತಿಳಿದವರು. ನಾವೂ ಹೊರಡುವಾಗ 'ಬರ್ತೀನಿ' ಎನ್ನುತ್ತೇವಲ್ಲ, ಹಾಗೆ.

ಅವಳು ಹರಸು ಎಂದಳೋ, ಶಪಿಸು ಎಂದಳೋ? ಕಾದಂಬರಿ ಅಲ್ಲೇ ಕಚ್ಚಿಕೊಂಡು ನಿಂತಿತು. ಒಂದು ಸಲ ತಂಗಿ ಓದಿದ್ದರೆ ಗೊತ್ತಾಗುತ್ತಿತ್ತು ಎನಿಸಿತು. ತಂಗಿ ಬೇಕಾಗಿರುವುದು ಕಾದಂಬರಿಗಾಗಿ ಮಾತ್ರ ಎಂದು ಪಂಡಿತಮ್ಮ ತನಗೆ ತಾನೇ ಹೇಳಿಕೊಂಡಳು. ಶುದ್ಧ ಸುಳ್ಳು. ಅವಳಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು.

ಒಂದು ಮಧ್ಯಾಹ್ನ ಯೋಬನ ಹೆಂಡತಿ ಬಂದಳು. ತೋಳು ಮೇಲೇರಿಸಿಕೊಂಡು, ನಿಘಂಟುಗಳ ನಡುವೆ ಬೋಗುಣಿ ಇಟ್ಟು, ಒದ್ದೆ ಬಟ್ಟೆ ಹಿಂಡತೊಡಗಿದಳು. ನೀರು ಮೇಜಿನ ಮೇಲೆಲ್ಲ ಹರಿಯಿತು, ಹಾಳೆಗಳು ಮಾತ್ರ ನೆನೆಯಲಿಲ್ಲ.

"ನೀನು ಅಂದದ್ದು ಯಾವುದು? ಹರಸು ಅಂತಾನಾ, ಶಪಿಸು ಅಂತಾನಾ?" ಎಂದು ಪಂಡಿತಮ್ಮ ಕೇಳಿದಳು.

"ಇಷ್ಟು ವರ್ಷದಲ್ಲಿ ನನ್ನನ್ನೇ ಕೇಳಿದವಳು ನೀನೊಬ್ಬಳೇ" ಎಂದಳು ಆಕೆ. ಮತ್ತೇನೋ ಹೇಳಲು ತಲೆಯೆತ್ತಿದಳು. ಮುಖದಲ್ಲಿ ನಿದ್ದೆಗೆಟ್ಟ ಕಣ್ಣುಗಳು. ಆ ಕಣ್ಣು ತಂಗಿಯದು. ಪಂಡಿತಮ್ಮ ಬೆಚ್ಚಿ ಎದ್ದಳು. ಮೇಜು ಒಣಗಿತ್ತು, ಕೆನ್ನೆ ಒದ್ದೆಯಾಗಿತ್ತು.

ಎದ್ದವಳೇ ಅಂಗಡಿಗೆ ನಡೆದಳು. ಅರ್ಥ ಹೊಳೆದುಬಿಟ್ಟಿದೆ ಎಂಬ ಉತ್ಸಾಹದಲ್ಲಿ ಅವಳ ಕಾಲು ನೆಲದ ಮೇಲಿರಲಿಲ್ಲ. ಅಂಗಡಿಯಲ್ಲಿ ಬಿಸಿಲಿನ ಕೋಲು ಬಿದ್ದು, ಅದರೊಳಗೆ ದಾರದ ಎಳೆ, ಬಟ್ಟೆಯ ದೂಳು ನಿಧಾನವಾಗಿ ತೇಲುತ್ತಿದ್ದವು. ತಂಗಿ ಕೊರಳಿಗೆ ಟೇಪು ಹಾಕಿಕೊಂಡು, ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು, ಯಾರದೋ ಕೋಟಿನ ತೋಳು ಮಡಿಸುತ್ತಿದ್ದಳು. ಅಕ್ಕನನ್ನು ಕಂಡು ಹುಬ್ಬೇರಿಸಿದಳು. ಪಿನ್ನು ಬಾಯಲ್ಲಿದ್ದರೆ ಜಗಳ ಆಡುವಂತೆಯೂ ಇಲ್ಲ.

ಪಂಡಿತಮ್ಮ ಅದೇ ಸಂದು ಎಂದು ಒಂದೇ ಉಸಿರಿಗೆ ಎಲ್ಲ ಒದರಿದಳು. ಯೋಬನ ಹೆಂಡತಿ, 'ಬಾರೆಖ್', ಹರಸುವುದು. "ನೀನು ಅಮ್ಮನಿಗೆ ಹೊರಡು ಅಂದದ್ದು ಹರಸಿದ್ದು. ನನಗೇ ತಿಳೀಲಿಲ್ಲ ಪುಟ್ಟಿ. ನಾನು ತಿರುಗಿಸಿ ಓದಿಕೊಂಡೆ."

ತಂಗಿ ಪಿನ್ನುಗಳನ್ನು ಒಂದೊಂದಾಗಿ ಅಂಗೈಗೆ ಉದುರಿಸಿಕೊಂಡಳು.

"ಹರಸೋದಾ? ಯಾರಂದ್ರು? ಬೈದೆ ನಾನು."

ಅವಳು ಪಿನ್ನುಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

"ಎಷ್ಟೋ ರಾತ್ರಿ ಕಣ್ಣು ಮುಚ್ಚಿರ್ಲಿಲ್ಲ. ಅವತ್ತು ಬೆಳಗ್ಗೆಯಿಂದ ಬಾಯಿಗೆ ಒಂದು ತುತ್ತು ಬಿದ್ದಿರ್ಲಿಲ್ಲ. ಅಮ್ಮ ನರಳೋದು ನಿಲ್ಲಿಸ್ತಿರ್ಲಿಲ್ಲ. ಸಾಕಾಗಿ ಅಂದೆ. ಪಾಪ ಅನ್ನಿಸೀನೂ ಅಂದೆ. ಯಾವುದು ಎಷ್ಟಿತ್ತು ಅಂತ ಈಗ ಟೇಪು ಹಿಡಿದು ಅಳೆದು ಹೇಳ್ಲಾ?"

ಪಂಡಿತಮ್ಮನಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ತಪ್ಪಿಲ್ಲದ ತಂಗಿಯನ್ನು ಅಪ್ಪಿಕೊಳ್ಳಲು ಅವಳು ತಯಾರಾಗಿ ಬಂದಿದ್ದಳು. ಇವಳು ಬೈದೆ ಎನ್ನುತ್ತಿದ್ದಾಳೆ. ಆದರೆ ಒಮ್ಮೆ ಬಾಗಿಲಿಂದ ತಿರುಗಿ ಹೋದದ್ದು ಸಾಕಾಗಿತ್ತು. ಕತ್ತರಿ ಸರಿಸಿ ಸ್ಟೂಲಿನ ಮೇಲೆ ಕೂತಳು.

"ಆಮೇಲೆ?" ಎಂದು ಕೇಳಿದಳು.

ತಂಗಿ ಇನ್ನೊಂದು ಕೈಯಿಂದ ಕೋಟಿನ ತೋಳನ್ನು ಸವರಿದಳು. "ಆ ಯೋಬ ಏನಂದ? ಹೆಂಡ್ತಿಗೆ?"

"ಬುದ್ಧಿಯಿಲ್ಲದವಳ ಹಾಗೆ ಮಾತಾಡಬೇಡ ಅಂದ."

"ಅಮ್ಮ ಹಾಗನ್ನಲಿಲ್ಲ." ತಂಗಿಯ ದನಿ ಸಣ್ಣಗಾಯಿತು. "ಅವ್ಳು ಕಣ್ಣು ಬಿಟ್ಟು ನನ್ನ ಮುಖ ನೋಡಿದ್ಳು. 'ಆಯ್ತು ಮಗಾ, ಹೊರಡ್ತೀನಿ. ನೀನು ಮೊದ್ಲು ಊಟ ಮಾಡು ಹೋಗು' ಅಂದ್ಳು."

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಪಂಡಿತಮ್ಮನಿಗೆ ಅಮ್ಮನ ದನಿ ಸ್ಪಷ್ಟವಾಗಿ ಕೇಳಿಸಿತು. ತಾನು ಬಾಗಿಲಲ್ಲಿ ಇನ್ನೊಂದು ಗಳಿಗೆ ನಿಂತಿದ್ದರೆ ಕೇಳುತ್ತಿದ್ದ ಮಾತು ಅದು.

"ಮಾಡಿದೆಯಾ?" ಎಂದು ಮೆಲ್ಲಗೆ ಕೇಳಿದಳು.

ತಂಗಿ ತಲೆ ತಗ್ಗಿಸಿದಳು. ಈ ವರ್ಷವೆಲ್ಲ ಅವಳು ಬಾಯಿ ಬಿಡದೆ ನುಂಗಿಕೊಂಡದ್ದು ಬೈಗುಳವನ್ನಲ್ಲ, ಇದನ್ನು.

"ಮಾಡ್ದೆ ಅಕ್ಕಾ. ತುಂಬ ಹಸಿವಾಗಿತ್ತು. ಅಡುಗೆಮನೇಲಿ ನಿಂತ್ಕೊಂಡೇ ತಿಂದೆ, ಎರಡನೇ ಸಲಾನೂ ಬಡಿಸ್ಕೊಂಡೆ. ಕೈ ತೊಳ್ಕೊಂಡು ಬಂದು ನೋಡಿದ್ರೆ ಹೋಗಿಬಿಟ್ಟಿದ್ಳು."

ಪಂಡಿತಮ್ಮ ಎದ್ದು, ತಂಗಿಯ ಬಿಗಿಮುಷ್ಟಿ ಬಿಡಿಸಿ, ಅಂಗೈಗೆ ಚುಚ್ಚಿಕೊಂಡಿದ್ದ ಪಿನ್ನುಗಳನ್ನು ಹೆಕ್ಕಿ ತೆಗೆದಳು.

"ಒಳ್ಳೇದು ಮಾಡಿದೆ ಪುಟ್ಟಿ. ಅಮ್ಮ ಹೇಳಿದ್ದನ್ನ ನಮ್ಮಿಬ್ಬರಲ್ಲಿ ಕೇಳಿದವಳು ನೀನೊಬ್ಬಳೇ" ಎಂದಳು.