ಕುಂದು ಮೊದಲು

ಭಾವನ ಅಂಗಡಿಗೆ ಬಾಗಿಲೂ ಇಲ್ಲ, ಬೋರ್ಡೂ ಇಲ್ಲ. ಇರುವುದೆಲ್ಲ ಆನ್‌ಲೈನಿನಲ್ಲೇ. ಖಾಲಿ ಮಾಡುವವರ ಮನೆಗಳಿಂದ ಹಳೇ ಸಾಮಾನು ಹೊತ್ತು ತರುವುದು ಭಾವ. ಅದನ್ನು ಒರೆಸಿ, ಫೋಟೋ ತೆಗೆದು, ವಿವರ ಬರೆದು ಹರಾಜಿಗೆ ಹಾಕುವುದು ಅವರ ಹೆಂಡತಿಯ ತಂಗಿ. ಏಳು ವರ್ಷದಿಂದ ಅದೇ ಹಿಂದಿನ ಕೋಣೆ, ಅದೇ ಕುರ್ಚಿ, ಪಕ್ಕದ ಮನೆಯ ಗೋಡೆ ಬಿಟ್ಟರೆ ಬೇರೇನೂ ಕಾಣದ ಅದೇ ಕಿಟಕಿ. ಮಲಗುವುದೂ ಅಲ್ಲೇ, ರಟ್ಟಿನ ಪೆಟ್ಟಿಗೆಗಳ ನಡುವೆ. ಯಾರಾದರೂ ಕೇಳಿದರೆ ಭಾವ, "ಮನೆ ಮಗಳ ಹಾಗೆ ಇದಾಳೆ" ಅನ್ನುತ್ತಾರೆ. ಮನೆ ಮಗಳಂತೆ, ಮಣ್ಣು! ಮನೆ ಮಗಳಾದರೆ ಒಂದು ದಿನ ಜ್ವರ ಅಂತಲಾದರೂ ಮಲಗುತ್ತಾಳೆ.

ಬರೆಯುವುದರಲ್ಲಿ ಅವಳದು ಒಂದೇ ಪದ್ಧತಿ: ಕುಂದು ಮೊದಲು. ಅಪರೂಪ, ಅದ್ಭುತ ಅನ್ನುವ ಮಾತುಗಳನ್ನು ಹತ್ತಿರಕ್ಕೂ ಸೇರಿಸುವವಳಲ್ಲ. "ಹೂಜಿಯ ಬಾಯಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿದೆ, ಎರಡನೇ ಫೋಟೋ ನೋಡಿ" ಅಂತ ಶುರು. ಆಮೇಲೆ ಅಳತೆ, ತೂಕ, ಮುಚ್ಚಳ ಬಿಗಿಯೋ ಸಡಿಲವೋ. ಮೊದಮೊದಲು ಭಾವ ಹಾರಾಡಿದ್ದರು. "ನೀನು ಮಾರೋಕೆ ಕೂತಿದ್ದೀಯೋ, ಚಾಡಿ ಹೇಳೋಕೆ ಕೂತಿದ್ದೀಯೋ?" ಆದರೆ ಕಳಿಸಿದ ಒಂದು ಸಾಮಾನೂ ವಾಪಸ್ ಬರಲಿಲ್ಲ. ಭಾವ ಬಾಯಿ ಮುಚ್ಚಿಕೊಂಡರು.

ಈಗ ಅವಳ ಗುಟ್ಟು ಹೇಳಿಬಿಡುತ್ತೇನೆ. ಎರಡು ಬೀದಿ ಆಚೆ ಒಂದು ಹೊಲಿಗೆ ಅಂಗಡಿ ಇದೆ. ಅದರ ಯಜಮಾನಿಯನ್ನು ಎಲ್ಲರೂ ಕತ್ತರಿಯಮ್ಮ ಅಂತಲೇ ಕರೆಯುವುದು. "ಕಿಟಕಿ ಹತ್ರದ ಮೂಲೆ ಖಾಲಿ ಇದೆ, ಮೇಲೊಂದು ಕೋಣೆಯೂ ಇದೆ. ನಿನ್ನ ಮೆಷಿನ್ ನೀನೇ ತಗೊಂಡು ಬಾ. ತಿಂಗಳ ಕೊನೆವರೆಗೆ ಕಾಯ್ತೀನಿ, ಆಮೇಲೆ ನನ್ನ ಬೈಬೇಡ" ಅಂದಿದ್ದಳು ಕತ್ತರಿಯಮ್ಮ. ಮೆಷಿನ್ ಅಂದರೆ ಅಮ್ಮನ ಹೊಲಿಗೆ ಮೆಷಿನ್, ಕಾಲಲ್ಲಿ ತುಳಿಯುವಂಥದ್ದು. ಅಮ್ಮ ಹೋದ ಮೇಲೆ ಭಾವನ ಗೋದಾಮಿನ ಮೂಲೆ ಸೇರಿತ್ತು. ಬೇರೆ ಕೊಳ್ಳಲು ಅವಳ ಕೈಯಲ್ಲಿ ಕಾಸಿಲ್ಲ; ಮನೆ ಮಗಳಿಗೆ ಯಾರು ಸಂಬಳ ಕೊಡುತ್ತಾರೆ? ಕೇಳಬೇಕು, ಕೇಳಬೇಕು ಅಂತ ಮೂರು ವಾರ ತುದಿಗಾಲಲ್ಲಿ ನಿಂತಳು. ಭಾವನ ಮುಖ ಕಂಡರೆ ಬೇರೇನೋ ಕೇಳಿ ವಾಪಸ್ ಬರುತ್ತಿದ್ದಳು.

ಸೋಮವಾರ ಬೆಳಿಗ್ಗೆ ಭಾವನೇ ಅದನ್ನು ಎಳೆದುಕೊಂಡು ಬಂದು ಅವಳ ಮುಂದೆ ನಿಲ್ಲಿಸಿದರು. "ಇದನ್ನೂ ಹಾಕಿಬಿಡು. ಸುಮ್ನೆ ಜಾಗ ತಿನ್ನುತ್ತೆ."

"ಭಾವ, ಅದು ಅಮ್ಮಂದು."

"ಗೊತ್ತಮ್ಮ. ಅಮ್ಮಂದು ಅಂದ್ರೆ ನಿಮ್ಮಕ್ಕಂದೂ ಹೌದು ತಾನೆ? ಅವಳು ಹೂಂ ಅಂದಾಯ್ತು. ಕೈಯಲ್ಲಿ ಇಂಥ ಬರೆಯೋ ವಿದ್ಯೆ ಇಟ್ಕೊಂಡು ನಿನಗ್ಯಾಕೆ ಹೊಲಿಗೆ?"

ಬಾಗಿಲಲ್ಲಿ ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. "ವಾದ ಬೇಡ ಕಣೇ. ಮನೇಲಿ ನೆಮ್ಮದಿ ಇರ್ಲಿ." ಯಾರ ನೆಮ್ಮದಿ ಅಂತ ಕೇಳಬೇಕಿತ್ತು. ತಂಗಿ ಬಟ್ಟೆ ತಗೊಂಡು ಮೆಷಿನ್ನಿನ ಧೂಳು ಒರೆಸತೊಡಗಿದಳು.

ಆದರೆ ಒಂದು ದಾರಿ ಹೊಳೆಯಿತು. ಯಾರೂ ಕೇಳದ ಸಾಮಾನನ್ನು ಭಾವ, "ಹೋಗ್ಲಿ, ನೀನೇ ಇಟ್ಕೋ" ಅಂತ ಅವಳಿಗೇ ದಾಟಿಸುತ್ತಿದ್ದರು. ಅವಳ ಕೋಣೆಯ ಬಿರುಕು ಬಿಟ್ಟ ಕನ್ನಡಿ, ಕುಂಟು ಸ್ಟೂಲು ಎಲ್ಲ ಹಾಗೇ ಬಂದದ್ದು. ಮೆಷಿನ್ನನ್ನೂ ಯಾರೂ ಕೇಳದಿದ್ದರೆ ಸರಿ. "ಹೊಲಿಯುವುದಿಲ್ಲ" ಅಂತ ಒಂದು ಮಾತು ಬರೆದರೆ ಸಾಕಿತ್ತು. ಅಮ್ಮನ ಮೆಷಿನ್ ಮೇಲೆ ಸುಳ್ಳು ಹೊರಿಸಲು ಕೈ ಬರಲಿಲ್ಲ. ಇರುವ ಕುಂದೇ ಬೇಕಾದಷ್ಟಿದೆ ಅಂದುಕೊಂಡು ಒಂದೂ ಬಿಡದೆ ಬರೆದಳು:

"ತುಳಿಯುವ ಹಲಗೆ ಎಡಗಡೆ ಸವೆದಿದೆ. ಚಕ್ರ ಮೊದಲ ಸುತ್ತಿಗೆ ಹಠ ಮಾಡುತ್ತದೆ, ಕೈಯಿಂದ ತಿರುಗಿಸಬೇಕು. ಬೆಲ್ಟ್ ಎರಡು ಸಲ ಕತ್ತರಿಸಿ ಜೋಡಿಸಿದ್ದು. ಡ್ರಾಯರ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಮೇಲಿನ ಹಲಗೆಯಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ. ಜೋರಾಗಿ ತುಳಿದರೆ ಇಡೀ ಮೆಷಿನ್ ನಡುಗುತ್ತದೆ."

ಓದಿ ನೋಡಿ ನಗು ಬಂತು. ಇದನ್ನು ಯಾವ ಪುಣ್ಯಾತ್ಮ ತಗೊಳ್ತಾನೆ? ಅವತ್ತು ಕತ್ತರಿಯಮ್ಮನಿಗೆ ಫೋನ್ ಮಾಡಿ, "ಇನ್ನೊಂದು ವಾರ, ಬಂದೇಬಿಡ್ತೀನಿ" ಅಂದಳು.

ಅಯ್ಯೋ ಹುಚ್ಚಿ! ಏಳು ವರ್ಷ ತಾನು ಜನರಿಗೆ ಏನು ಕಲಿಸಿದ್ದೆ ಅನ್ನುವುದೇ ಅವಳಿಗೆ ಮರೆತುಹೋಗಿತ್ತು. ಮಾರನೇ ದಿನದಿಂದ ಕೂಗಿನ ಮೇಲೆ ಕೂಗು. "ಇಷ್ಟು ಕುಂದು ಹೇಳಿದ್ದಾರೆ ಅಂದ್ರೆ ಮುಚ್ಚಿಟ್ಟಿದ್ದು ಏನೂ ಇಲ್ಲ" ಅಂತ ಒಬ್ಬರು. "ಈ ಅಂಗಡಿಯ ವಿವರ ನಂಬಿ ನಾನು ಯಾವತ್ತೂ ಕೆಟ್ಟಿಲ್ಲ" ಅಂತ ಇನ್ನೊಬ್ಬರು. ಒಂದೊಂದು ಮೆಚ್ಚುಗೆ ಓದಿದಾಗಲೂ ಅವಳು ತಿಂಗಳ ಕೊನೆಗೆ ಇನ್ನೆಷ್ಟು ದಿನ ಅಂತ ಎಣಿಸುತ್ತಿದ್ದಳು. ಭಾವ ಮಾತ್ರ ಶಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದರು.

ಶನಿವಾರ ಸಂಜೆ ಆರಕ್ಕೆ ಹರಾಜು ಮುಗಿಯಬೇಕು. ಐದೂವರೆಗೆ ಎಲ್ಲರಿಗಿಂತ ಮೇಲೆ ಕೂಗಿದ್ದ ಹೆಂಗಸಿನಿಂದ ಒಂದು ಪ್ರಶ್ನೆ ಬಂತು. "ಮನೆ ಬಿಟ್ಟು ಬೇರೆ ಇರೋಕೆ ಹೊರಟಿದ್ದೀನಿ. ಇದರ ಮೇಲೇ ನನ್ನ ಹೊಟ್ಟೆಪಾಡು ನಡೀಬೇಕು. ನೀವು ಸುಳ್ಳು ಹೇಳಲ್ಲ ಅಂತ ಗೊತ್ತು. ಇದು ಹೊಲಿಯುತ್ತಾ?"

ಇಲ್ಲಿ ಬರೆದ ಉತ್ತರ ಕೂಗುವವರಿಗೆಲ್ಲ ಕಾಣುತ್ತದೆ. ಇಲ್ಲ ಅಂದರೆ ಈ ಹೆಂಗಸೂ ಹೋದಳು, ಮಿಕ್ಕವರೂ ಹೋದರು. ಮೆಷಿನ್ ಉಳಿಯಿತು, ಕಿಟಕಿ ಹತ್ರದ ಮೂಲೆಯೂ ಉಳಿಯಿತು.

"ಹೊಲಿಯುವುದಿಲ್ಲ" ಅಂತ ಬರೆದಳು. ಕಳಿಸಲಿಲ್ಲ. ಗಡಿಯಾರ ನೋಡಿದಳು. ಗೋಡೆ ನೋಡಿದಳು. ಯಾರೋ ಏನೋ, ನನಗೇನಾಗಬೇಕು ಅಂತ ಮನಸ್ಸಿಗೆ ಹೇಳಿಕೊಂಡಳು. ಆದರೆ ಆ ಹೆಂಗಸು ಬರೆದದ್ದು ಇವಳದೇ ಮಾತು, ಭಾವನ ಮುಂದೆ ಆಡಲಾರದೆ ನುಂಗಿದ್ದ ಮಾತು. ಕಣ್ಣೀರು ಬಂದುಬಿಟ್ಟಿತು. ಆರಕ್ಕೆ ಐದು ನಿಮಿಷ ಇದೆ ಅನ್ನುವಾಗ ಅಳಿಸಿ ಬರೆದಳು:

"ಹೊಲಿಯುತ್ತದೆ. ಮೊದಲ ಸುತ್ತು ಕೈಯಿಂದ ತಿರುಗಿಸಿ, ಆಮೇಲೆ ನಿಲ್ಲುವುದಿಲ್ಲ. ಇದನ್ನು ತುಳಿದೇ ನಮ್ಮಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದು."

ಮೆಷಿನ್ ಆ ಹೆಂಗಸಿನ ಪಾಲಾಯಿತು. ಭಾವ ಬಂದು ಅವಳ ತಲೆ ತಟ್ಟಿದರು. "ಭೇಷ್! ನೀನಿಲ್ದೆ ಈ ಅಂಗಡಿ ಇಲ್ಲಮ್ಮ. ನಿನ್ನ ಎಲ್ಲಿಗೂ ಕಳಿಸೋ ಮಾತೇ ಇಲ್ಲ." ಅಕ್ಕನೂ ನಕ್ಕಳು.

ತಿಂಗಳು ಮುಗಿಯಿತು. ಕತ್ತರಿಯಮ್ಮ ಆ ಮೂಲೆಗೆ ಇನ್ನೊಬ್ಬಳನ್ನು ಕೂರಿಸಿದಳು. ಅದಾಗಿ ನಾಲ್ಕು ದಿನಕ್ಕೆ ಮೆಷಿನ್ ತಗೊಂಡವಳ ಅಭಿಪ್ರಾಯ ಬಂತು. "ಬರೆದ ಹಾಗೇ ಇದೆ. ಮೊದಲ ಸುತ್ತು ಕೈಯಿಂದ ತಿರುಗಿಸಿದೆ. ಆಮೇಲೆ ನಿಲ್ಲಲಿಲ್ಲ." ಜೊತೆಗೊಂದು ಫೋಟೋ: ಸಣ್ಣ ಕೋಣೆ, ತೆರೆದ ಕಿಟಕಿ, ಕಿಟಕಿಯ ಕೆಳಗೆ ಅಮ್ಮನ ಮೆಷಿನ್. ತಂಗಿ ಫೋಟೋವನ್ನು ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, ಆ ಕಿಟಕಿಯಾಚೆ ಕಾಣುವ ರಸ್ತೆಯನ್ನೇ ನೋಡುತ್ತಾ ಕೂತಳು.

"ದೀಪದ ವಿವರ ಆಯ್ತೇನಮ್ಮಾ?" ಅಂತ ಹೊರಗಿನಿಂದ ಭಾವನ ದನಿ.

"ಬರೀತಿದ್ದೀನಿ ಭಾವ" ಅಂದಳು.