ಕರಡಿ ಬಂದ ಗಲ್ಲಿಯಲ್ಲಿ ಒಬ್ಬನೇ

ನಮ್ಮ ಬಡಾವಣೆಗೆ ಕರಡಿ ನುಗ್ಗಿದೆ ಎಂಬ ಸುದ್ದಿ ಬಂದಾಗ ನನಗೆ ಕರಡಿಗಿಂತ ಅಕ್ಕನ ಭಯವೇ ಹೆಚ್ಚಾಯಿತು. ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೇನೆ. ಮನೆಯಿಂದ ಅಲ್ಲಿಗೆ ಕಾಲು ಗಂಟೆ ದಾರಿ, ದಿನಾ ಒಬ್ಬನೇ ನಡೆಯುತ್ತೇನೆ. ಈ 'ಒಬ್ಬನೇ' ನನಗೆ ಪುಕ್ಕಟೆ ಸಿಕ್ಕಿದ್ದಲ್ಲ. ಹಿಂದೆ ಪೈಪಿಗಾಗಿ ಅಗೆದ ಗುಂಡಿಗೆ ಬಿದ್ದು ಕೈ ಮುರಿದುಕೊಂಡಿದ್ದೆ. ಆಗ ನನ್ನನ್ನು ಸಾಕಿ ಬೆಳೆಸಿದ ಅಕ್ಕ ಎರಡು ವರ್ಷ ನನ್ನ ಮೊಣಕೈ ಬಿಡಲಿಲ್ಲ. ಆಸ್ಪತ್ರೆಯ ಗೇಟಿನವರೆಗೂ ಬಂದು, "ಇವನನ್ನ ಸ್ವಲ್ಪ ನೋಡ್ಕೊಳ್ಳಿ" ಎಂದು ವಾಚ್‌ಮನ್ನಿಗೆ ಒಪ್ಪಿಸಿ ಹೋಗುವಳು. ನಲವತ್ತೊಂದು ವರ್ಷದ ಗಂಡಸು ನಾನು, ಊಟದ ಡಬ್ಬಿಯ ಹಾಗೆ ಕೈಯಿಂದ ಕೈಗೆ ಹೋಗುತ್ತಿದ್ದೆ. ಜಗಳವಾಡಿ, ಮಾತು ಬಿಟ್ಟು, ಊಟ ಬಿಟ್ಟು ಕೊನೆಗೂ ಗೆದ್ದಿದ್ದೆ.

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎನ್ನುತ್ತಾರಲ್ಲ, ನನ್ನ ಪಾಲಿಗೆ ನಿಜವಾದ ಕರಡಿಯೇ ಬಂತು.

"ಅದು ಸಿಗೋವರೆಗೂ ನಾನೇ ಬಿಟ್ಟು ಬರ್ತೀನಿ," ಎಂದಳು ಅಕ್ಕ.

"ಕರಡಿ ಎದುರಿಗೆ ಬಂದ್ರೆ ನೀನೇನು ಮಾಡ್ತೀಯ? ಬೈದು ಓಡಿಸ್ತೀಯಾ?"

"ಓಡಿಸ್ತೀನಿ. ಮೂವತ್ತು ವರ್ಷ ನರ್ಸ್ ಆಗಿದ್ದೆ, ಡಾಕ್ಟರುಗಳನ್ನೇ ಓಡಿಸಿದ್ದೀನಿ."

ಅದು ಸುಳ್ಳಲ್ಲ. ಆದರೆ ಅವಳು ಜಪ್ಪಯ್ಯ ಎಂದರೂ ನಾನು ಒಪ್ಪಲಿಲ್ಲ. ಮರುದಿನ ಅವಳು ಸ್ನಾನಕ್ಕೆ ಹೋದ ಸಮಯ ನೋಡಿ ಕೋಲು ಹಿಡಿದು ಹೊರಟುಬಿಟ್ಟೆ.

ಬೇಕರಿ ದಾಟಿ ಗಲ್ಲಿಗೆ ತಿರುಗಿದಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಅಲ್ಲಿ ಅಂಗಡಿ ಇಟ್ಟಿರುವ ಟೈಲರ್ ಎಂಟು ಗಂಟೆಗೆಲ್ಲ ಹೊಲಿಗೆ ಮೆಷಿನ್ ತುಳಿಯಲು ಕೂರುವವರು, ಅವತ್ತು ಸದ್ದೇ ಇರಲಿಲ್ಲ. ಹತ್ತು ಹೆಜ್ಜೆ ಹೋದ ಮೇಲೆ ವಾಸನೆ ಬಂತು, ಒದ್ದೆ ಕಂಬಳಿಯನ್ನು ವಾರಗಟ್ಟಲೆ ಮಡಿಸಿಟ್ಟಂಥ ವಾಸನೆ. ನನ್ನ ಹಿಂದೆಯೇ ಕಸದ ಡ್ರಮ್ಮು ಉರುಳಿತು. ಯಾರೋ ಸೊರ್ರೆಂದು ಮೂಗಿನಲ್ಲಿ ಉಸಿರೆಳೆದರು. ಮನುಷ್ಯರು ಹಾಗೆ ಉಸಿರೆಳೆಯುವುದಿಲ್ಲ.

ಮಹಡಿಗಳ ಮೇಲಿಂದ ಕೂಗು ಶುರುವಾಯಿತು.

"ಎಡಕ್ಕೆ ಹೋಗಿ, ಎಡಕ್ಕೆ!"

"ಬಲಕ್ಕೆ ಸಾರ್, ಬಲಕ್ಕೆ!"

"ಓಡಿ!"

"ಅಲ್ಲಾಡ್ಬೇಡಿ!"

ಯಾರ ಎಡ? ಎದುರಿಗೆ ನಿಂತವರ ಎಡ ನನಗೆ ಬಲ. ಕಣ್ಣಿದ್ದವರಿಗೆ ಇಷ್ಟು ಸಣ್ಣ ವಿಷಯ ಹೊಳೆಯುವುದಿಲ್ಲ. ಅವರು ಕೂಗಿದಷ್ಟೂ ಕರಡಿ ಗುರುಗುಟ್ಟುತ್ತ ನಿಂತಲ್ಲೇ ಸುತ್ತುತ್ತಿತ್ತು, ಅದರ ಉಗುರು ಕಾಂಕ್ರೀಟಿನ ಮೇಲೆ ಕರಕರ ಎನ್ನುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅಕ್ಕ ಇರಬೇಕಿತ್ತು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಭಯ ಸ್ವಲ್ಪ ಹಿಂದೆ ಸರಿಯಿತು.

"ಎಲ್ಲರೂ ಬಾಯಿ ಮುಚ್ಚಿ," ಎಂದೆ, ದನಿ ಏರಿಸದೆ. "ಟೈಲರಣ್ಣ, ಇದ್ದೀರಾ?"

"ಇದ್ದೀನಿ." ಅರ್ಧ ಎಳೆದ ಷಟರಿನ ಕೆಳಗಿಂದ ಉತ್ತರ ಬಂತು.

"ಕರಡಿ ನಮ್ಮಿಬ್ಬರ ಮಧ್ಯ ಇದೆಯಾ?"

"ಇಲ್ಲ ಸಾರ್, ನಿಮ್ಮ ಹಿಂದೆ. ಡ್ರಮ್ ಹತ್ರ."

"ಹಾಗಾದ್ರೆ ಷಟರ್ ಎತ್ತಿ, ಮೆಷಿನ್ ತುಳೀರಿ. ನಾನು ಆ ಸದ್ದು ಹಿಡ್ಕೊಂಡು ಬರ್ತೀನಿ. ನಿಲ್ಲಿಸ್ಬೇಡಿ."

ಹೊರಗೆ ಕರಡಿ ಇರುವಾಗ ಬಾಗಿಲು ತೆಗೆ ಎಂದರೆ ಯಾರಾದರೂ ಮೀನಮೇಷ ಎಣಿಸುತ್ತಾರೆ. ಟೈಲರ್ ಎಣಿಸಲಿಲ್ಲ. ಷಟರ್ ಕಿರುಗುಟ್ಟಿತು, ಮೆಷಿನ್ ಕಟಕಟ ಎಂದಿತು. ಕೋಲನ್ನು ಕಂಕುಳಲ್ಲಿ ಇರುಕಿಕೊಂಡು, ಸದ್ದಾಗದಂತೆ ಪಾದ ಜಾರಿಸುತ್ತ ಹೋದೆ. ಆ ವಾಸನೆ ಸ್ವಲ್ಪ ದೂರ ನನ್ನ ಜೊತೆಗೇ ಬಂತು. ಆಮೇಲೆ ಹಿಂದೆ ಉಳಿಯಿತು. ಮೆಷಿನ್ ತೀರಾ ಹತ್ತಿರವಾದಾಗ ಟೈಲರ್ ನನ್ನ ಕಾಲರ್ ಹಿಡಿದು ಒಳಗೆಳೆದು ಷಟರ್ ಇಳಿಸಿದರು.

"ಗಾಬರೀಲಿ ಯಾರದೋ ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದುಬಿಟ್ಟೆ ಸಾರ್," ಎಂದರು. ಇಬ್ಬರೂ ನಕ್ಕೆವು. ಸ್ವಲ್ಪ ಹೊತ್ತಿಗೆ ಕರಡಿ ಮೋರಿಯ ದಾರಿ ಹಿಡಿದು ಹೋಯಿತು ಎಂದು ಮಹಡಿಯವರು ಹೇಳಿದರು.

ಅವರಲ್ಲೊಬ್ಬರು ಎಲ್ಲವನ್ನೂ ಫೋನಿನಲ್ಲಿ ಹಿಡಿದು ಬಡಾವಣೆಗೆಲ್ಲ ಕಳಿಸಿದ್ದರು. ನಾನು ಸಂಜೆ ಮನೆ ಸೇರುವ ಮೊದಲೇ ಅಕ್ಕ ಅದನ್ನು ನೋಡಿಯಾಗಿತ್ತು. ಅವಳು ಕೂಗಾಡಲಿಲ್ಲ. ಅದೇ ನನ್ನನ್ನು ಹೆದರಿಸಿತು.

"ನಾಳೆಯಿಂದ ನಾನು ಬರ್ತೀನಿ. ಮುಗೀತು," ಎಂದಳು.

"ಇವತ್ತು ಗಲ್ಲಿ ತುಂಬ ಕಣ್ಣಿದ್ದೋರೇ ಇದ್ರು ಅಕ್ಕ. ಟೈಲರ್ ಒಬ್ರನ್ನ ಬಿಟ್ರೆ ಯಾರು ಉಪಯೋಗಕ್ಕೆ ಬಂದ್ರು?"

"ನನಗೆ ಭಯ ಆಗುತ್ತೆ ಕಣೋ."

"ನನಗೂ ಆಗುತ್ತೆ. ಇವತ್ತು ಚಡ್ಡಿ ಒದ್ದೆ ಆಗೋದೊಂದು ಬಾಕಿ ಇತ್ತು. ಆದ್ರೂ ಒಬ್ಬನೇ ಹೋಗ್ತೀನಿ. ನಾಳೆ ನಿನ್ನ ಕೈ ಹಿಡಿದ್ರೆ ಆಮೇಲೆ ಬಿಡೋ ಧೈರ್ಯ ನನಗೇ ಬರಲ್ಲ."

ಮರುದಿನ ಬೆಳಿಗ್ಗೆ ಅಕ್ಕನೇ ಬಾಗಿಲು ತೆಗೆದುಕೊಟ್ಟಳು. ಇಷ್ಟು ಸುಲಭವಾಗಿ ಒಪ್ಪುವವಳಲ್ಲವಲ್ಲ ಎಂದುಕೊಳ್ಳುತ್ತ ಬೇಕರಿಯವರೆಗೆ ನಡೆದೆ. ಅಲ್ಲಿ ಹಿಂದಿನಿಂದ ಅಕ್ಕನ ಸದ್ದು ಕೇಳಿಸಿತು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದಿದ್ದಳು. ಆದರೆ ಹೆಜ್ಜೆ ಇಟ್ಟಾಗಲೆಲ್ಲ ಅವಳ ಬಲಮೊಣಕಾಲು ಲಟಕ್ ಎನ್ನುತ್ತದೆ, ಅದನ್ನು ಎಲ್ಲಿ ಬಿಟ್ಟು ಬಂದಾಳು?

ನಿಂತೆ. ಅದೂ ನಿಂತಿತು.

"ಅಕ್ಕ, ಮನೆಗೆ ಹೋಗು. ಕಾಲಿಗೆ ಗಾಜು ಗೀಜು ಚುಚ್ಚೀತು."

ಕರಡಿ ಇನ್ನೂ ಸಿಕ್ಕಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ತಲುಪಿದ ತಕ್ಷಣ ಫೋನ್ ಮಾಡ್ತೀಯಾ?" ಎಂದಳು ಅಲ್ಲಿಂದಲೇ.

"ಅದೇ ತಾನೆ ನನ್ನ ಕೆಲಸ?"

ಮೊಣಕಾಲಿನ ಸದ್ದು ನಿಧಾನವಾಗಿ ಹಿಂದಕ್ಕೆ ತಿರುಗಿತು. ಪೂರ್ತಿ ಕೇಳಿಸದಂತಾಗುವವರೆಗೆ ನಿಂತಿದ್ದೆ. ಓಡಿಹೋಗಿ ಅವಳನ್ನು ಕರೆಯೋಣ ಅನ್ನಿಸುವಷ್ಟು ಭಯವಾಯಿತು. ಈಗ ನಿಜವಾಗಿಯೂ ನನ್ನ ಹಿಂದೆ ಯಾರೂ ಇರಲಿಲ್ಲ, ಇಷ್ಟು ವರ್ಷ ಜಗಳವಾಡಿ ನಾನು ಕೇಳಿದ್ದು ಇದನ್ನೇ. ಕೋಲು ಮುಂದೆ ಚಾಚಿ ಗಲ್ಲಿಗೆ ತಿರುಗಿದೆ.